ಹಲ್ಲು ಕಚ್ಚಿದರೆ ಓಡುವ ಕಾರು

(ಗದಗಿನ ಶಾಲೆಯೊಂದರಲ್ಲಿ ತಂದೆ-ತಾಯಿಗಳು, ಶಿಕ್ಷಕರ ಮುಂದೆ ನ್ಯೂರೋಫೀಡ್‌ಬ್ಯಾಕ್, ಅಂದರೆ ಮಿದುಳಿನ ಅಲೆ ತೋರಿಸಿ ಕೊಡುವ ತರಬೇತಿ, ಅದರ ಬಗ್ಗೆ ಆಡಿದ ಮಾತಿನ ಬರಹ ರೂಪ. ಅವತ್ತು ಹೊತ್ತಾಗಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.)

ನಾನು ಹುಬ್ಬಳ್ಳಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಅರ್ಧದಷ್ಟು ಜನ ಮಕ್ಕಳನ್ನು ಕರೆದುಕೊಂಡು ಬಂದಿರುತ್ತಾರೆ. ಕೂತಲ್ಲಿ ಕೂರಲ್ಲ, ಓದಲ್ಲ, ಫಿಟ್ಸ್ ಬರುತ್ತದೆ, ರಾತ್ರಿ ನಿದ್ದೆ ಇಲ್ಲ. ಇತ್ತೀಚೆಗೆ ಬಂದವರು ಮೊದಲೇ ಕೇಳುತ್ತಾರೆ, "ಮೇಡಮ್, ಅದೇನೋ ತಲಿಗೆ ವೈರ್ ಹಚ್ಚಿ ಗೇಮ್ ಆಡಸ್ತಾರಂತಲ್ರೀ, ಅದು ನಿಮ್ಮಲ್ಲಿ ಐತೇನ್ರೀ?" ಐತಿ. ನನ್ನ ಹತ್ತಿರ ಆ ಮಷಿನ್ ಇದೆ, ಎಂಟು ವರ್ಷದಿಂದ ಬಳಸುತ್ತಿದ್ದೇನೆ. ಅದಕ್ಕೇ ಇವತ್ತು ಅದರ ಬಗ್ಗೆ ಬಿಚ್ಚಿ ಮಾತಾಡಬೇಕು ಅನ್ನಿಸಿದೆ.

ಮೊದಲು ನೋಡೋಣ ಅಂತ ಮುಂದಿನ ಸಾಲಿನಲ್ಲಿ ಕೂತಿದ್ದ ಗಣಿತದ ಟೀಚರ್ ಒಬ್ಬರನ್ನು ಕರೆದೆ. ಪಾಪ, ಧೈರ್ಯ ಮಾಡಿ ಬಂದರು. ಹಿಂದಲೆಗೆ ಪೇಸ್ಟ್ ಹಚ್ಚಿದ ಒಂದು ಸಣ್ಣ ಬಿಲ್ಲೆ, ಎರಡು ಕಿವಿಗೆ ಒಂದೊಂದು ಕ್ಲಿಪ್. ಅಷ್ಟೇ. ಗೋಡೆ ಮೇಲೆ ಪ್ರೊಜೆಕ್ಟರ್‌ನಲ್ಲಿ ಒಂದು ಗೆರೆ ಸಣ್ಣಗೆ ನಡುಗುತ್ತಾ ಓಡುತ್ತಿತ್ತು. "ಕಣ್ಣು ಮುಚ್ಚಿ" ಅಂದೆ. ಎರಡು ಸೆಕೆಂಡ್ ಆಗಿರಬಹುದು, ಗೆರೆ ಬದಲಾಯಿತು. ಕೆರೆ ನೀರಿಗೆ ಗಾಳಿ ಬೀಸಿದಾಗ ಸಾಲಾಗಿ ಏಳುತ್ತಲ್ಲ, ಹಾಗೆ ದುಂಡಗೆ, ಒಂದರ ಹಿಂದೆ ಒಂದು, ಸೆಕೆಂಡಿಗೆ ಸುಮಾರು ಹತ್ತು ಅಲೆ. ಸಭೆಯಲ್ಲಿದ್ದ ಮಕ್ಕಳು "ಓ" ಅಂದವು. "ಕಣ್ಣು ಮುಚ್ಚಿಕೊಂಡೇ ಮನಸ್ಸಿನಲ್ಲಿ 17ರ ಮಗ್ಗಿ ಹೇಳಿಕೊಳ್ಳಿ" ಅಂದೆ. ಅಲೆ ಚಿಕ್ಕದಾಯಿತು. ಕಣ್ಣು ತೆರೆದರು, ಹೋಗೇಬಿಟ್ಟಿತು.

ಇದೇ ಅಲೆಯನ್ನು ಮನುಷ್ಯರಲ್ಲಿ ಮೊದಲು ನೋಡಿದ್ದು ಜರ್ಮನಿಯ ಯೇನಾ ಊರಿನ ಹಾನ್ಸ್ ಬರ್ಗರ್ ಅನ್ನುವ ಮನೋವೈದ್ಯ. 1924ರಲ್ಲಿ ಮೊದಲ ಸಲ ದಾಖಲು ಮಾಡಿದರು, ಐದು ವರ್ಷ ಕಾದು 1929ರಲ್ಲಿ ಪ್ರಕಟಿಸಿದರು. ಮೊದಮೊದಲು ತುಂಬ ಜನ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನಲ್ಲಿ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನೇ ಮಾಡಿ ತೋರಿಸಿದ ಮೇಲೆ ಜಗತ್ತು ಒಪ್ಪಿತು. ಟೀಚರ್ ತಲೆಯಲ್ಲಿ ನೀವು ನೋಡಿದ್ದು ಆಲ್ಫಾ ಅಲೆ. ಇದಕ್ಕಿಂತ ನಿಧಾನದ್ದು ಥೀಟಾ, ಸೆಕೆಂಡಿಗೆ 4ರಿಂದ 8. ಗಾಢ ನಿದ್ದೆಯಲ್ಲಿ ಬರುವುದು ಡೆಲ್ಟಾ, ಅದು ಇನ್ನೂ ನಿಧಾನ. ಚುರುಕಿನದ್ದು ಬೀಟಾ, 13ರಿಂದ 30ರ ತನಕ. ಹೆಸರು ನೆನಪಿರದಿದ್ದರೂ ಪರವಾಗಿಲ್ಲ. ಎಲ್ಲರ ತಲೆಯಲ್ಲೂ ಎಲ್ಲಾ ಅಲೆಯೂ ಇರುತ್ತದೆ, ಹೊತ್ತಿಗೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ಹಿಂದಿನಿಂದ ಒಬ್ಬ ಅಜ್ಜಾರು ಕೇಳಿದರು, "ಕರೆಂಟ್ ಕೊಡ್ತೀರೇನ್ರೀ ಅವರಿಗೆ?" ಒಳ್ಳೆ ಪ್ರಶ್ನೆ, ತುಂಬ ಜನರ ಮನಸ್ಸಿನಲ್ಲಿ ಇರುತ್ತದೆ, ಕೇಳಲ್ಲ ಅಷ್ಟೇ. ಇಲ್ಲ. ಏನನ್ನೂ ಕೊಡುವುದಿಲ್ಲ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರಲ್ಲ, ಇದೂ ಹಾಗೆ ಕೇಳುವ ಸಾಧನ. ತಲೆ ಮೇಲೆ ಸಿಗುವ ವಿದ್ಯುತ್ತು ಎಷ್ಟು ಅಂದರೆ, ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಸೆಲ್ ಇದೆಯಲ್ಲ, ಅದನ್ನು 30,000 ಪಾಲು ಮಾಡಿ ಒಂದು ಪಾಲು ತೆಗೆದರೆ ಅಷ್ಟು. ಅಷ್ಟು ಸಣ್ಣದಾದ್ದರಿಂದಲೇ ಕಟ್ಟಡದ ಅರ್ಥಿಂಗ್ ಸರಿ ಇಲ್ಲದಿದ್ದರೆ ಗೋಡೆಯೊಳಗಿನ ವೈರಿನ ಕರೆಂಟಿನ ಅಲೆ, ಸೆಕೆಂಡಿಗೆ 50, ಬಂದು ಎಲ್ಲಾ ಮುಚ್ಚಿಬಿಡುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಶಾಕ್ ಚಿಕಿತ್ಸೆ ಬೇರೆಯೇ. ಅದರ ಬಗ್ಗೆಯೂ ಸುಮ್ನೆ ಹೆದರಬೇಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಅರಿವಳಿಕೆ ಕೊಡದೆ ಅದನ್ನು ಮಾಡುವಂತೆಯೇ ಇಲ್ಲ.

ಹಾಗಾದರೆ ಬರೀ ಕೇಳಿಸಿಕೊಂಡು ಏನು ಉಪಯೋಗ, ಅಲ್ವಾ?

ಜೋಳದ ರೊಟ್ಟಿ ಬಡಿಯಲು ಕಲಿತ ದಿನ ನೆನಪು ಮಾಡಿಕೊಳ್ಳಿ. ಹಿಟ್ಟು ತುಸು ಗಟ್ಟಿಯಾದರೆ ಅಂಚು ಬಿರಿಯುತ್ತದೆ. ಕಣ್ಣ ಮುಂದೆಯೇ ಬಿರಿಯುತ್ತದೆ, ಆ ಕ್ಷಣಕ್ಕೇ ಅಂಗೈ ತಿದ್ದಿಕೊಳ್ಳುತ್ತದೆ, ಮುಂದಿನ ಏಟು ಸ್ವಲ್ಪ ಹಗುರ ಬೀಳುತ್ತದೆ. ಅವ್ವ ಬಾಯಿಬಿಟ್ಟು ಹೇಳಿಕೊಟ್ಟಿದ್ದು ಕಡಿಮೆ, ಕೈಗೆ ಹಿಟ್ಟು ಹೇಳಿಕೊಟ್ಟಿದ್ದೇ ಜಾಸ್ತಿ. ಅದೇ ಅವ್ವ ಮರುದಿನ ಬಂದು "ನಿನ್ನೆ ಮೂರನೇ ರೊಟ್ಟಿ ಅಂಚು ಬಿರಿದಿತ್ತು ನೋಡು" ಅಂದಿದ್ದರೆ ಯಾರಿಗೂ ರೊಟ್ಟಿ ಬರುತ್ತಿರಲಿಲ್ಲ. ತಕ್ಷಣ ಗೊತ್ತಾಗಬೇಕು. ನಮ್ಮ ಮಿದುಳಿನಲ್ಲಿ ಈಗ ಯಾವ ಅಲೆ ಓಡುತ್ತಿದೆ ಅಂತ ನಮಗೆ ಒಳಗಿನಿಂದ ಗೊತ್ತಾಗುವುದಿಲ್ಲ, ಅದಕ್ಕೆ ಅಂಚು ಇಲ್ಲ, ಬಿರಿಯುವುದೂ ಕಾಣುವುದಿಲ್ಲ. ಮಷಿನ್ ಆ ಅಂಚನ್ನು ಮಾಡಿಕೊಡುತ್ತದೆ. ಬೇಕಾದ ಅಲೆ ಬಂದ ಕೂಡಲೇ ಪರದೆ ಮೇಲೆ ಕಾರು ಓಡುತ್ತದೆ, ಹೋದ ಕೂಡಲೇ ನಿಲ್ಲುತ್ತದೆ. ಒಂದು ಸೆಕೆಂಡಿನೊಳಗೆ ತಿಳಿಸಬೇಕು, ತಡವಾದರೆ ಉಪಯೋಗ ಇಲ್ಲ. ಹೀಗೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ಅರ್ಧ ಮುಕ್ಕಾಲು ಗಂಟೆ, ಒಟ್ಟು 30ರಿಂದ 40 ಸಲ. ನ್ಯೂರೋಫೀಡ್‌ಬ್ಯಾಕ್ ಅಂದರೆ ಇದೇ. ಮದ್ದಲ್ಲ. ರೂಢಿ ಮಾಡಿಸುವುದು.

ಇದು ಶುರುವಾದ ಕತೆ ಚೆನ್ನಾಗಿದೆ. ಅಮೆರಿಕದಲ್ಲಿ ಜೋ ಕಮಿಯಾ ಅನ್ನುವವರು 1950ರ ದಶಕದ ಕೊನೆಯಿಂದಲೇ ಜನ ತಮ್ಮ ಆಲ್ಫಾ ಅಲೆಯನ್ನು ಗುರುತಿಸಲು ಕಲಿಯಬಲ್ಲರು ಅಂತ ತೋರಿಸುತ್ತಿದ್ದರು. ಆದರೆ ಚಿಕಿತ್ಸೆ ಅನ್ನುವ ಆಸೆ ಹುಟ್ಟಿಸಿದ್ದು ಬೆಕ್ಕುಗಳು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬ್ಯಾರಿ ಸ್ಟರ್ಮನ್ ಬೆಕ್ಕುಗಳಿಗೆ ಒಂದು ಅಲೆ ಕಲಿಸಿದರು. ಮೈ ಅಲುಗಾಡದೆ, ಆದರೆ ಎಚ್ಚರವಾಗಿ ಕೂತಾಗ ಬರುವ ಅಲೆ, ಸೆಕೆಂಡಿಗೆ 12ರಿಂದ 15. ಆ ಅಲೆ ಬಂದರೆ ಬೆಕ್ಕಿಗೆ ಹಾಲು, ಕೋಳಿ ಸಾರು. ಬೆಕ್ಕುಗಳು ಬೇಗ ಕಲಿತವು. ಅಲ್ಲಿಗೆ ಆ ಕೆಲಸ ಮುಗಿದಿತ್ತು. ಆಮೇಲೆ ರಾಕೆಟ್ ಇಂಧನದ ವಿಷ ಎಷ್ಟು ಕೆಟ್ಟದ್ದು ಅಂತ ನೋಡುವ ಬೇರೊಂದು ಕೆಲಸ ಬಂತು. ಆ ಇಂಧನ ದೇಹಕ್ಕೆ ಹೋದರೆ ಫಿಟ್ಸ್ ಬರುತ್ತದೆ. ಹೆಚ್ಚಿನ ಬೆಕ್ಕುಗಳಿಗೆ ಬಂತು. ಕೆಲವಕ್ಕೆ ಮಾತ್ರ ತುಂಬ ತಡವಾಗಿ ಬಂತು, ಕೆಲವಕ್ಕೆ ಬರಲೇ ಇಲ್ಲ. ಯಾವು ಅಂತ ಹಿಂದೆ ಹೋಗಿ ನೋಡಿದರೆ, ಮೊದಲು ಆ ಅಲೆ ಕಲಿತಿದ್ದ ಬೆಕ್ಕುಗಳು! ಬೆಕ್ಕಿಗೆ ತನಗೆ ಚಿಕಿತ್ಸೆ ನಡೆಯುತ್ತಿದೆ ಅಂತ ಗೊತ್ತಿರುವುದಿಲ್ಲ, ಡಾಕ್ಟರ ಮೇಲಿನ ನಂಬಿಕೆಯಿಂದ ಅದು ಗುಣವಾಗುವುದೂ ಇಲ್ಲ. ಅದಕ್ಕೇ ಈ ಫಲಿತಾಂಶಕ್ಕೆ ಅಷ್ಟು ತೂಕ. 1972ರಲ್ಲಿ ಮೂರ್ಛೆ ರೋಗವಿದ್ದ ಒಬ್ಬ ಮಹಿಳೆಗೆ ಇದೇ ತರಬೇತಿ ಕೊಟ್ಟು ಫಿಟ್ಸ್ ಕಡಿಮೆಯಾಯಿತು ಅಂತ ಸ್ಟರ್ಮನ್ ಬರೆದರು. 1976ರಲ್ಲಿ ಟೆನೆಸ್ಸಿಯ ಜೋಯಲ್ ಲೂಬರ್ ಚಂಚಲತೆ ಇರುವ ಮಕ್ಕಳಿಗೆ ಶುರು ಮಾಡಿದರು. ಅಲ್ಲಿಂದ ಹಬ್ಬಿತು.

ಈಗ ನನ್ನ ರೂಮಿಗೆ ಬನ್ನಿ.

ನವಲಗುಂದ ಕಡೆಯ ಒಂಬತ್ತು ವರ್ಷದ ಹುಡುಗ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಂಚಲತೆಯ ತೊಂದರೆ ಅಂತ ಮನೋವೈದ್ಯರು ನೋಡಿ ಬರೆದುಕೊಟ್ಟಿದ್ದರು. ಮೊದಲ ದಿನ ತಲೆ ತುಂಬ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದ, ಬಿಲ್ಲೆ ನಿಲ್ಲಲೇ ಇಲ್ಲ, ಜಾರಿ ಜಾರಿ ಹೋಯಿತು. ಎರಡನೇ ದಿನ ಶಾಂಪೂ ಹಾಕಿಸಿಕೊಂಡು ಬಂದ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನ ತನಕ ಟೇಪ್ ಹಿಡಿದು ಅಳೆದೆ, ಒಂದು ಕಿವಿಯಿಂದ ಇನ್ನೊಂದಕ್ಕೆ ಅಳೆದೆ, ಎರಡೂ ಸೇರುವ ನಡುನೆತ್ತಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ ಬಿಲ್ಲೆ ಕೂರಿಸಿದೆ. ದರ್ಜಿ ಅಳತೆ ತೆಗೆದ ಹಾಗೆ ಅಂತ ಅವನಿಗೆ ಖುಷಿ. ಥೀಟಾ ಇಳಿದು ಬೀಟಾ ಏರಿದರೆ ಕಾರು ಓಡುವ ಆಟ.

ಎರಡು ವಾರ ಕಾರು ಕುಂಟುತ್ತಿತ್ತು. ಮೂರನೇ ವಾರ ಓಡಿತು, ನಾಲ್ಕನೇ ವಾರ ಬರೀ ಗೆಲುವು. ಅವರಮ್ಮ ಹೊರಗೆ ಕೂತು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ನನಗೂ ಸಂತೋಷವೇ. ಆಮೇಲೆ ಒಂದು ದಿನ ಆಟದ ಪರದೆ ಬಿಟ್ಟು ಮೂಲ ಗೆರೆಯನ್ನು ದಿಟ್ಟಿಸಿ ನೋಡಿದೆ. ಗೆರೆ ದಪ್ಪಗೆ, ಕಂಬಳಿ ನೂಲಿನ ಹಾಗೆ ಮುಳ್ಳು ಮುಳ್ಳಾಗಿತ್ತು. ಇದು ಮಿದುಳಲ್ಲ ಅನ್ನಿಸಿತು. ಎದ್ದು ಹೋಗಿ ಅವನ ಮುಖ ನೋಡಿದೆ. ಕಿವಿ ಹತ್ತಿರ ದವಡೆಯ ಸ್ನಾಯು ಉಬ್ಬಿ ನಿಂತಿತ್ತು. "ತಮ್ಮಾ, ಹಲ್ಲು ಸಡ್ಲ ಬಿಡು" ಅಂದೆ. ಬಿಟ್ಟ. ಕಾರು ನಿಂತಿತು. "ಈಗ ಕಚ್ಚು." ಕಾರು ಓಡಿತು. ಅವನು ನನ್ನ ಕಡೆ ನೋಡಿ ನಿಷ್ಕಪಟವಾಗಿ ಹೇಳಿದ, "ಹೌದ್ರೀ ಮೇಡಮ್, ಹಿಂಗ ಮಾಡಿದ್ರ ಓಡ್ತೈತ್ರೀ."

ಅವನದು ಮೋಸವಲ್ಲ. ಮಷಿನ್ ಏನು ಕೇಳಿತೋ ಅದನ್ನು ಮಾಡಿಕೊಟ್ಟಿದ್ದ. ದವಡೆ ಸ್ನಾಯುವಿನ ವಿದ್ಯುತ್ತು ಮಿದುಳಿನದ್ದಕ್ಕಿಂತ ಎಷ್ಟೋ ದೊಡ್ಡದು, ಬೀಟಾ ಇರುವ ಜಾಗದಲ್ಲೇ ಬಂದು ಸೇರಿಕೊಳ್ಳುತ್ತದೆ. ಸ್ನಾಯು ಅಲುಗಾಡಿದರೆ ಲೆಕ್ಕಕ್ಕೆ ಹಿಡಿಯಬೇಡ ಅಂತ ಮಷಿನ್‌ಗೆ ಒಂದು ಮಿತಿ ಹಾಕಬೇಕು. ನಾನು ಆ ಮಿತಿಯನ್ನು ಸಡಿಲ ಇಟ್ಟಿದ್ದೆ. ತಪ್ಪು ನನ್ನದೇ. ಎರಡು ವಾರ ಆ ಮಗುವಿಗೆ ಹಲ್ಲು ಕಚ್ಚುವುದನ್ನು ಕಲಿಸಿದ್ದೆ, ಅವರಮ್ಮನಿಂದ ಅದಕ್ಕೆ ದುಡ್ಡನ್ನೂ ತೆಗೆದುಕೊಂಡಿದ್ದೆ. ಆ ದುಡ್ಡು ವಾಪಸ್ ಕೊಟ್ಟೆ.

ಆದರೆ ನನ್ನನ್ನು ಇವತ್ತಿಗೂ ಬಿಡದಿರುವುದು ಬೇರೆ ಮಾತು. ಅದೇ ಎರಡು ವಾರದಲ್ಲಿ ಅವನ ಶಾಲೆಯಿಂದ ಒಳ್ಳೆ ಸುದ್ದಿ ಬಂದಿತ್ತು. ಹೋಮ್‌ವರ್ಕ್ ಮಾಡುತ್ತಿದ್ದಾನೆ, ಜಗಳ ಕಡಿಮೆಯಾಗಿದೆ ಅಂತ. ಮಿದುಳಿನ ಅಲೆಗೆ ಏನೂ ಆಗಿರಲಿಲ್ಲ, ಆದರೂ ಹುಡುಗ ಸುಧಾರಿಸಿದ್ದ. ಯಾಕೆ? ವಾರಕ್ಕೆ ಮೂರು ದಿನ ಅಮ್ಮ ಅವನೊಬ್ಬನನ್ನೇ ಕರೆದುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು, ದಾರಿಯಲ್ಲಿ ಮಾತಾಡುತ್ತಿದ್ದರು. ಇಲ್ಲಿ ಒಬ್ಬರು ಬೈಯದೆ ಅರ್ಧ ಗಂಟೆ ಕೂರಿಸಿಕೊಂಡು "ಶಾಬಾಸ್" ಅನ್ನುತ್ತಿದ್ದರು. ಮನೆಯಲ್ಲಿ ಎಲ್ಲರೂ ಇವನು ಸುಧಾರಿಸುತ್ತಾನೆ ಅಂತ ಕಾಯುತ್ತಿದ್ದರು. ಸಣ್ಣದೇನಲ್ಲ ಇದು.

ದೊಡ್ಡ ಪ್ರಯೋಗಗಳು ಹೇಳಿದ್ದೂ ಸುಮಾರಾಗಿ ಇದನ್ನೇ. 2021ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 7ರಿಂದ 10 ವರ್ಷದ 144 ಮಕ್ಕಳು, ಎಲ್ಲರಿಗೂ ಎಡಿಎಚ್‌ಡಿ. ಕೆಲವರಿಗೆ ನಿಜವಾದ ತರಬೇತಿ. ಉಳಿದವರಿಗೆ ಹುಸಿ, ಅಂದರೆ ಪರದೆ ಮೇಲಿನ ಆಟ ನಡೆಯುತ್ತಿದ್ದುದು ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ಬೇರೆ ಅಲೆಯಿಂದ. ಯಾರಿಗೆ ಯಾವುದು ಅಂತ ಮಕ್ಕಳಿಗೂ ಗೊತ್ತಿಲ್ಲ, ತಂದೆ-ತಾಯಿಗೂ ಗೊತ್ತಿಲ್ಲ, ತರಬೇತಿ ಕೊಡುವವರಿಗೂ ಗೊತ್ತಿಲ್ಲ. 38 ಸಲ ಕೂರಿಸಿದರು, ಆಮೇಲೆ 13 ತಿಂಗಳ ತನಕ ಬೆನ್ನುಹತ್ತಿ ನೋಡಿದರು. ಎರಡೂ ಗುಂಪಿನ ಮಕ್ಕಳು ಚೆನ್ನಾಗಿ ಸುಧಾರಿಸಿದರು. ಗಮನದ ತೊಂದರೆಯಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2024ರ ಕೊನೆಗೆ ಇಂಥ 38 ಪ್ರಯೋಗಗಳನ್ನು, ಹತ್ತಿರ ಹತ್ತಿರ 2,500 ಜನರನ್ನು ಒಟ್ಟಿಗೆ ಹಾಕಿ ಲೆಕ್ಕ ನೋಡಿದರು. ಯಾರಿಗೆ ಏನು ಕೊಟ್ಟಿದ್ದಾರೆ ಅಂತ ಗೊತ್ತಿಲ್ಲದವರು ಅವರನ್ನು ಅಳೆದಾಗ ಲಾಭ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚು ಪರೀಕ್ಷೆಗೆ ಒಳಗಾದ ಹಳೆಯ ವಿಧಾನಗಳನ್ನಷ್ಟೇ ತೆಗೆದುಕೊಂಡು ನೋಡಿದರೆ ಒಂದು ಸಣ್ಣ ಲಾಭ ಕಾಣುತ್ತದೆ. ಜರ್ಮನ್ ಮಾತಾಡುವ ಸೀಮೆಯಲ್ಲಿ ನಿದ್ದೆ ಬಾರದವರ ಮೇಲೆ 2017ರಲ್ಲಿ ಹೀಗೇ ಹುಸಿ ತರಬೇತಿ ಜೊತೆ ಹೋಲಿಸಿದ್ದರು, ಅಲ್ಲೂ ನಿಜದ್ದಕ್ಕೂ ಹುಸಿಗೂ ವ್ಯತ್ಯಾಸ ಬರಲಿಲ್ಲ.

ಹಾಗಾದರೆ ಎಲ್ಲಾ ಸುಳ್ಳಾ? ಅಲ್ಲ. ಇಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಇವೆ, ನಾವು ಕಲಸಿಬಿಡುತ್ತೇವೆ. ಮನುಷ್ಯ ತನ್ನ ಮಿದುಳಿನ ಅಲೆಯನ್ನು ಬದಲಿಸಲು ಕಲಿಯಬಲ್ಲನೇ? ಬಲ್ಲ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ನೀಲ್ಸ್ ಬಿರ್ಬೌಮರ್ ಮತ್ತು ಅವರ ಜೊತೆಗಾರರು ಮೈಯೆಲ್ಲಾ ಸ್ವಾಧೀನ ತಪ್ಪಿದ, ಬಾಯಿ ಕೂಡ ಆಡಿಸಲಾಗದ ರೋಗಿಗಳಿಗೆ ಮಿದುಳಿನ ನಿಧಾನದ ವಿದ್ಯುತ್ತನ್ನು ಏರಿಸಿ ಇಳಿಸುವುದನ್ನು ತಿಂಗಳುಗಟ್ಟಲೆ ಕಲಿಸಿದರು. ಪರದೆ ಮೇಲೆ ಬರುವ ಅಕ್ಷರಗಳ ಗುಂಪನ್ನು ಹಾಗೆ ಆರಿಸಬೇಕು, ಇಲ್ಲವೇ ಬಿಡಬೇಕು. ಹಾಗೆ ಒಂದೊಂದೇ ಅಕ್ಷರ ಆರಿಸಿ ಅವರು ಪತ್ರ ಬರೆದರು. 1999ರಲ್ಲಿ ಅದು ಪ್ರಕಟವಾಯಿತು. ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಅಂದರೆ ಕಲಿಕೆ ನಿಜ. ಆ ಕಲಿಕೆಯಿಂದ ಚಂಚಲತೆ, ಖಿನ್ನತೆ, ನಿದ್ದೆಗೇಡು, ಆಟಿಸಂ ಇಳಿಯುತ್ತದೆಯೇ ಅನ್ನುವುದು ಎರಡನೇ ಪ್ರಶ್ನೆ. ಅದಕ್ಕೆ ಒಂದೊಂದು ರೋಗಕ್ಕೂ ಬೇರೆ ಬೇರೆ ಉತ್ತರ ಹುಡುಕಬೇಕು, ಹುಡುಕುತ್ತಲೂ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಲೆಗೆ ಪೆಟ್ಟು ಬಿದ್ದವರ ನೆನಪು, ಗಮನದ ಮೇಲೆ ಇದನ್ನು ಬಳಸಿ ಕೆಲಸ ಮಾಡಿದ್ದಾರೆ. ಪಾರ್ಶ್ವವಾಯು ಆದವರ ಕೈ ಮತ್ತೆ ಆಡಿಸಲು ಇದರ ಜೊತೆ ಫಿಸಿಯೋಥೆರಪಿ ಸೇರಿಸಿ ನೋಡುತ್ತಿದ್ದಾರೆ, ನನಗೆ ಆ ದಾರಿಯ ಮೇಲೆ ನಂಬಿಕೆ ಜಾಸ್ತಿ. ಆದರೆ "40 ಸಿಟ್ಟಿಂಗ್, ಗ್ಯಾರಂಟಿ" ಅಂತ ಬೋರ್ಡ್ ಹಾಕುವಷ್ಟು ಪುರಾವೆ ಇವತ್ತು ಯಾವುದಕ್ಕೂ ಇಲ್ಲ.

ಇನ್ನು ಸಿಟ್ಟು ಬರಿಸುವ ವಿಷಯ. ಬ್ಯಾಡಗಿ ಕಡೆಯ ಒಂದು ಕುಟುಂಬ. ಹದಿನಾರರ ಹುಡುಗಿ, ಮೂರ್ಛೆ ರೋಗ, ಮಾತ್ರೆಯಲ್ಲಿ ಎರಡು ವರ್ಷದಿಂದ ಒಂದೂ ಫಿಟ್ಸ್ ಇಲ್ಲ. ಒಂದು ಸೆಂಟರಿನವರು, ಯಾರು ಅಂತ ಇಲ್ಲಿ ಬೇಡ, "ಮಿದುಳಿಗೇ ತರಬೇತಿ ಕೊಡ್ತೀವಿ, ಮಾತ್ರೆ ಯಾಕೆ, ಲಿವರ್ ಹಾಳು" ಅಂದರಂತೆ. ಮದುವೆ ವಯಸ್ಸು ಹತ್ತಿರ ಬರುತ್ತಿದೆ, ಮಾತ್ರೆ ತಿನ್ನುವ ಹುಡುಗಿ ಅಂದರೆ ಜನ ಏನಂದಾರು ಅಂತ ಮನೆಯವರಿಗೂ ಭಯ. ಒಂದೇ ದಿನಕ್ಕೆ ಮಾತ್ರೆ ನಿಲ್ಲಿಸಿದರು. ಹತ್ತನೇ ದಿನ ಒಂದರ ಹಿಂದೆ ಒಂದು ಫಿಟ್ಸ್ ಬಂದು ಹುಡುಗಿ ಐಸಿಯು ಸೇರಿದಳು. ಉಳಿದಳು, ದೇವರು ದೊಡ್ಡವನು. ಹಾಗೆ ತಟ್ಟನೆ ಮಾತ್ರೆ ಬಿಟ್ಟರೆ ಫಿಟ್ಸ್ ನಿಲ್ಲದೇ ಬಂದು ಜೀವಕ್ಕೇ ಕುತ್ತು ಬರುತ್ತದೆ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಮೂರ್ಛೆ ರೋಗವಿರುವ ನೂರರಲ್ಲಿ ಎಪ್ಪತ್ತು ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬೆಕ್ಕಿನ ಕತೆ ನಾನೇ ಹೇಳಿದೆ, ನನಗೆ ಆ ಕತೆ ಇಷ್ಟ, ಆದರೆ ಅದನ್ನು ನಂಬಿ ಮಾತ್ರೆ ಬಿಡಬೇಡಿ. ಕಡಿಮೆ ಮಾಡುವುದಿದ್ದರೆ ಬರೆದುಕೊಟ್ಟ ಡಾಕ್ಟರೇ ಮಾಡಬೇಕು, ನಿಧಾನವಾಗಿ. ಮತ್ತೆ ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ, ಚಪ್ಪಲಿ ಮೂಸಿಸುವುದು ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಖರ್ಚಿನ ಲೆಕ್ಕವನ್ನೂ ಹಾಕೋಣ, ಯಾಕಂದರೆ ಯಾರೂ ಹಾಕಿ ತೋರಿಸುವುದಿಲ್ಲ. ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಬಂದರೆ ಹತ್ತಿರ ಹತ್ತಿರ 120 ಕಿಲೋಮೀಟರ್. 40 ಸಲಕ್ಕೆ 4,800. ಸಲಕ್ಕೊಂದು ಫೀಸು ಬೇರೆ, ಒಬ್ಬರ ದಿನಗೂಲಿ ಹೋಗುವುದು ಬೇರೆ, ಮಗುವಿನ ಶಾಲೆ ತಪ್ಪುವುದು ಬೇರೆ. ಮೊದಲು ಮನೋವೈದ್ಯರ ಹತ್ತಿರ ತೋರಿಸಿ ಇದು ಏನು ಅಂತ ಖಚಿತ ಮಾಡಿಕೊಳ್ಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ. ಹುಬ್ಬಳ್ಳಿಗೆ ಬಂದವರು ಚಿಗರಿ ಬಸ್ ಹತ್ತಿದರೆ ಧಾರವಾಡ ದೂರವಲ್ಲ. ಅಷ್ಟೂ ಆಗದಿದ್ದರೆ 14416ಕ್ಕೆ ಫೋನ್ ಮಾಡಿ, ಟೆಲಿಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಎಡಿಎಚ್‌ಡಿಗೆ ಪುರಾವೆ ಇರುವ ಮಾತ್ರೆ ಇದೆ, ತಂದೆ-ತಾಯಿಗೆ ಕೊಡುವ ತರಬೇತಿ ಇದೆ, ಶಾಲೆಯಲ್ಲಿ ಮುಂದಿನ ಬೆಂಚಿಗೆ ಕೂರಿಸುವಂಥ ಪುಕ್ಕಟೆ ಉಪಾಯಗಳಿವೆ. ಅವೆಲ್ಲ ಆದ ಮೇಲೂ ಇದನ್ನು ಮಾಡಿಸುವ ಮನಸ್ಸಿದ್ದರೆ ಮಾಡಿಸಿ, ನಾನು ಬೇಡ ಅನ್ನಲ್ಲ. ಆದರೆ ಕೇಳಿ. ಮಾಡಿಸುವವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ (ಆರ್‌ಸಿಐ) ನೋಂದಣಿ ಆದವರಾ? ಮೂಲ ಗೆರೆ ನಮಗೂ ತೋರಿಸುತ್ತೀರಾ? ಹತ್ತು ಸಲ ಆದ ಮೇಲೆ ಏನೂ ಬದಲಾಗದಿದ್ದರೆ ನಿಲ್ಲಿಸುತ್ತೀರಾ? ಪೂರ್ತಿ ದುಡ್ಡು ಮೊದಲೇ ಕಟ್ಟಿ ಅಂದರೆ ಎದ್ದು ಬನ್ನಿ. ತಲೆನೋವು, ದಣಿವು, ಕಿರಿಕಿರಿ ಕೆಲವರಿಗೆ ಆಗುತ್ತದೆ, ಅದನ್ನೂ ಮೊದಲೇ ಹೇಳಬೇಕು ಅವರು.

ನಾನು ಈಗ ಹೇಗೆ ಮಾಡುತ್ತೇನೆ ಅಂತ ಒಬ್ಬ ಶಿಕ್ಷಕರು ಕೇಳಿದರು. ಕಡಿಮೆ ಮಾಡಿದ್ದೇನೆ. ಬಂದವರಿಗೆಲ್ಲ ಮೊದಲು ಈ 144 ಮಕ್ಕಳ ಕತೆ ಹೇಳುತ್ತೇನೆ. ಆಮೇಲೂ ಬೇಕು ಅಂದವರಿಗೆ ಮಾಡುತ್ತೇನೆ, ಆದರೆ ಅಮ್ಮನೋ ಅಪ್ಪನೋ ಹೊರಗೆ ಕೂರುವಂತಿಲ್ಲ, ಒಳಗೆ ಮಗುವಿನ ಪಕ್ಕ ಕೂರಬೇಕು. ಅರ್ಧ ಗಂಟೆಯಲ್ಲಿ ಹದಿನೈದು ನಿಮಿಷ ಮಷಿನ್, ಉಳಿದದ್ದು ಮಾತು.

ಮಾತು ಮುಗಿದು ಚಹಾ ಕುಡಿಯುವಾಗ ಒಬ್ಬ ತಾಯಿ ಪಕ್ಕಕ್ಕೆ ಬಂದು ನಿಂತರು. ಮುಳಗುಂದದವರು. ಸೆರಗಿನ ತುದಿ ಸುತ್ತುತ್ತಾ ಕೇಳಿದರು, "ನಾನು ಅಕ್ಕನ ಕಡಿಂದ ಸಾಲಾ ತಗೊಂಡು ಮಗನ್ನ ಎಲ್ಲ್ಯೋ ಹಚ್ಚೀನ್ರೀ ಇದಕ್ಕ. ಹನ್ನೆರಡು ಸಲ ಆತ್ರೀ. ಈಗ ಬಿಡಸ್ಲೇನ್ರೀ?"

"ಮಾತ್ರಿ ಏನರ ನಿಲ್ಲಿಸೀರೇನ್ರೀ ಅಕ್ಕಾರ?" ಅಂದೆ.

"ಇಲ್ರೀ, ಕೊಡಾಕತ್ತೀನಿ."

"ಹುಡುಗ ಹೆಂಗದಾನ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೊದಲಿಗಿಂತ ನನ್ ಕೂಡ ಜಾಸ್ತಿ ಮಾತಾಡ್ತಾನ್ರೀ. ಬಸ್ಸಿನ್ಯಾಗ."

ಮುಂದಿನ ಕಂತಿನ ದುಡ್ಡು ಸದ್ಯಕ್ಕೆ ಕಟ್ಟಬೇಡಿ ಅಂದೆ. ಹಳೆ ಫೈಲು, ಮಾತ್ರೆ ಚೀಟಿ ಎಲ್ಲಾ ತಗೊಂಡು ಗುರುವಾರ ಅವನನ್ನು ಕರೆದುಕೊಂಡು ಬನ್ನಿ, ಕೂತು ನೋಡೋಣ, ನನಗೆ ಫೀಸು ಬೇಡ ಅಂದೆ. ಗೇಟಿನ ತನಕ ಹೋದವರು ತಿರುಗಿ, "ತಲಿಗೆ ಎಣ್ಣಿ ಹಚ್ಚಬಾರದಲ್ರೀ?" ಅಂತ ಕೇಳಿದರು.

"ಹಚ್ಚರಿ. ವೈರಿನ ಕೆಲಸ ಇಲ್ಲ ಅವತ್ತ."